ವಿಶ್ವವಿದ್ಯಾಲಯದ ಪುರಾತತ್ತ್ವ ಸಂಗ್ರಹಾಲಯವನ್ನು ನೋಡುವ ಮತ್ತು ಬಳಸುವ ಬಗೆ: ಕರಾವಳಿಯ ಓದುಗರಿಗೊಂದು ಕೈಪಿಡಿ

ಮಂಗಳೂರಿನಲ್ಲಿ ವಸ್ತುಸಂಗ್ರಹಾಲಯ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ, ಇಲ್ಲವೇ ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ. ಎಲ್ಲ ವಯಸ್ಸಿನ ನೋಡುಗರಿಗೂ ಏನಾದರೊಂದು ಸಿಗಬೇಕು ಎಂಬ ಉದ್ದೇಶದಿಂದ ಅಲ್ಲಿನ ವಸ್ತುಗಳನ್ನು ಜೋಡಿಸಿರುತ್ತಾರೆ. ವಿಶ್ವವಿದ್ಯಾಲಯದ ಅಥವಾ ಕಾಲೇಜಿನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗ ನಡೆಸುವ ಸಂಗ್ರಹಾಲಯದ ಸ್ವಭಾವ ಬೇರೆ. ಅಲ್ಲಿ ಅಖಂಡವಾದ ವಿಗ್ರಹಗಳಿಗಿಂತ ಒಡೆದ ಮಡಕೆಯ ಚೂರುಗಳು ಹೆಚ್ಚು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದಕ್ಕಿಂತ ಕಪಾಟಿನ ಖಾನೆಗಳಲ್ಲಿ ಚೀಟಿ ಕಟ್ಟಿ ಇಟ್ಟದ್ದು ಹೆಚ್ಚು. ಸುಂದರವಾದುದನ್ನು ಹುಡುಕಿಕೊಂಡು ಒಳಗೆ ಹೋದವರು ಹತ್ತು ನಿಮಿಷದಲ್ಲಿ ಹೊರಗೆ ಬರುವುದುಂಟು. ಅಂಥ ಸಂಗ್ರಹವನ್ನು ಹೇಗೆ ನೋಡಬೇಕು, ಅದರಿಂದ ಏನನ್ನು ಪಡೆಯಬಹುದು, ನಮ್ಮ ಊರಿನಲ್ಲಿ ಹಳೆಯ ವಸ್ತು ಕಣ್ಣಿಗೆ ಬಿದ್ದಾಗ ಅದಕ್ಕೆ ನಾವು ಹೇಗೆ ನೆರವಾಗಬಹುದು ಎಂಬುದನ್ನು ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಊರಿನ ಆಸಕ್ತರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಸಂಗ್ರಹ ಏಕೆ ಬೇಕು

ಮೊದಲ ಕಾರಣ ಪಾಠ. ಕಪ್ಪು-ಕೆಂಪು ಮಡಕೆಯ ಬಗ್ಗೆ ಪುಸ್ತಕದಲ್ಲಿ ಎಷ್ಟೇ ಓದಿದರೂ ಒಂದು ಚೂರನ್ನು ಕೈಯಲ್ಲಿ ಹಿಡಿದು ಅದರ ಅಂಚನ್ನು ತಿರುಗಿಸಿ ನೋಡಿದಾಗ ಆಗುವ ತಿಳಿವಳಿಕೆ ಬೇರೆಯೇ. ಎರಡನೆಯದು, ಉತ್ಖನನದಲ್ಲಿ ಅಥವಾ ಕ್ಷೇತ್ರಕಾರ್ಯದಲ್ಲಿ ದೊರೆತದ್ದನ್ನೆಲ್ಲ ಒಟ್ಟಾಗಿ, ಅದರ ಟಿಪ್ಪಣಿ, ನಕ್ಷೆ, ಛಾಯಾಚಿತ್ರಗಳೊಂದಿಗೆ ಕಾಪಾಡುವುದು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯ 1683ರಲ್ಲಿ ತೆರೆದಂದಿನಿಂದ ವಿಶ್ವವಿದ್ಯಾಲಯಗಳು ಈ ಹೊಣೆಯನ್ನು ಹೊತ್ತುಕೊಂಡು ಬಂದಿವೆ. ನಮ್ಮಲ್ಲಿ 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯೂ ಇದೇ ದಾರಿಯಲ್ಲಿ ನಡೆದು ಶಾಸನ, ಶಿಲ್ಪ, ನಾಣ್ಯ, ಹಸ್ತಪ್ರತಿಗಳನ್ನು ಕೂಡಿಸಿತು.

ಮೂರನೆಯ ಕಾರಣವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಂದು ಯಾರಿಗೂ ಬೇಡವೆನಿಸಿದ ವಸ್ತುವಿಗೆ ನಾಳೆ ಬರುವ ಸಂಶೋಧಕರು ಹೊಸ ಪ್ರಶ್ನೆ ಕೇಳುವ ಅವಕಾಶವನ್ನು ಉಳಿಸುವುದು ಈ ಸಂಗ್ರಹಗಳ ಕೆಲಸ. ಇದಕ್ಕೆ ಮಂಗಳೂರಿನದೇ ಒಂದು ನಿದರ್ಶನವಿದೆ. ಹನ್ನೆರಡನೆಯ ಶತಮಾನದಲ್ಲಿ, 1132ರಿಂದ 1149ರವರೆಗಿನ ಅವಧಿಯ ಬಹುಭಾಗವನ್ನು, ಟುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಕಳೆದ. ಆತ ಇಲ್ಲಿ ಕಂಚಿನ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ. ಯೆಮನ್‌ನ ಬಂದರಾದ ಏಡನ್ನಿನ ವ್ಯಾಪಾರಿಗಳು ಹಳೆಯ, ಒಡೆದ ತಾಮ್ರದ ಪಾತ್ರೆಗಳನ್ನು ಕಳುಹಿಸಿ ಅವುಗಳಿಂದ ಹೊಸ ಪಾತ್ರೆ ಮಾಡಿಸಿಕೊಳ್ಳುತ್ತಿದ್ದರು. ಇದು ನಮಗೆ ತಿಳಿದದ್ದು ಕರಾವಳಿಯ ಯಾವ ಶಾಸನದಿಂದಲೂ ಅಲ್ಲ. ಕೈರೋದ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ರಾಶಿ ಬಿದ್ದಿದ್ದ ಹಳೆಯ ಕಾಗದಗಳಲ್ಲಿ ಆತನ ವ್ಯಾಪಾರದ ಪತ್ರಗಳಿದ್ದವು. 1896–97ರಲ್ಲಿ ಸಾಲೊಮನ್ ಶೆಖ್ಟರ್ ಅವರು ಆ ರಾಶಿಯ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ತಂದರು. ಧರ್ಮಗ್ರಂಥಗಳ ಹಳೆಯ ಪಾಠಗಳ ಮೇಲೆ ಆಗಿನ ವಿದ್ವಾಂಸರ ಕಣ್ಣು ನೆಟ್ಟಿತ್ತು. ವ್ಯಾಪಾರದ ಚೀಟಿಗಳಿಗೆ ಅಷ್ಟು ಬೆಲೆಯಿರಲಿಲ್ಲ. ಆದರೂ ಅವನ್ನು ಎಸೆಯದೆ ಇಟ್ಟುಕೊಂಡದ್ದರಿಂದ, ಇಪ್ಪತ್ತನೆಯ ಶತಮಾನದಲ್ಲಿ ಎಸ್. ಡಿ. ಗೊಯ್ಟೈನ್ ಅವರು ಆ ಚೀಟಿಗಳನ್ನು ಓದಿ, ಅರಬ್ಬಿ ಸಮುದ್ರದ ವ್ಯಾಪಾರದ ಚಿತ್ರವನ್ನು ಕಟ್ಟಲು ಸಾಧ್ಯವಾಯಿತು. ನಮ್ಮ ಸಂಗ್ರಹಾಲಯದ ಮೂಲೆಯಲ್ಲಿ ಗೋಣಿಚೀಲದಲ್ಲಿರುವ ಮಡಕೆ ಚೂರುಗಳನ್ನು ಜಾಗ ಸಾಲದೆಂದು ಹೊರಗೆ ಹಾಕುವ ಮಾತು ಬಂದಾಗಲೆಲ್ಲ ಈ ಸಂಗತಿಯನ್ನು ನೆನಪಿಗೆ ತಂದುಕೊಳ್ಳಬೇಕು.

ಹೋಗುವ ಮೊದಲು

ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಅಥವಾ ಇ-ಮೇಲ್ ಬರೆಯಿರಿ. ಯಾವ ವಿಷಯದ ವಸ್ತುಗಳನ್ನು ನೋಡಬೇಕು, ಏತಕ್ಕೆ ನೋಡಬೇಕು, ಎಷ್ಟು ಜನ ಬರುತ್ತೀರಿ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ. ಪ್ರದರ್ಶನಕ್ಕೆ ಇಡದ, ಕಪಾಟಿನೊಳಗೇ ಇರುವ ಸಂಗ್ರಹವನ್ನು ನೋಡಲು ಮುಂಚಿತವಾಗಿ ಅನುಮತಿ ಬೇಕಾಗುತ್ತದೆ, ಏಕೆಂದರೆ ಅದನ್ನು ಹೊರತೆಗೆದು, ನಿಮ್ಮೊಂದಿಗೆ ಕುಳಿತು, ಮತ್ತೆ ಅದರ ಜಾಗದಲ್ಲಿಡಲು ಒಬ್ಬರ ಸಮಯ ಬೇಕು. ಪೆನ್ನಿನ ಬದಲು ಪೆನ್ಸಿಲ್ ಒಯ್ಯಿರಿ. ಶಾಯಿಯ ಕಲೆ ಓಲೆಗರಿಯ ಮೇಲೂ ಮಣ್ಣಿನ ಪಾತ್ರೆಯ ಮೇಲೂ ಹೋಗುವುದಿಲ್ಲ. ಅಳತೆಪಟ್ಟಿ, ಭೂತಗನ್ನಡಿ, ಸಣ್ಣ ಟಾರ್ಚು ಜೊತೆಯಲ್ಲಿರಲಿ.

ವಸ್ತುವಿಗಿಂತ ಮೊದಲು ಅದರ ದಾಖಲೆಯನ್ನು ಓದಿ

ಸಂಗ್ರಹಕ್ಕೆ ಸೇರಿದ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ವಸ್ತುವಿನ ಮೇಲೆಯೇ, ಎದ್ದು ಕಾಣದ ಭಾಗದಲ್ಲಿ, ಬಹಳ ಸಣ್ಣದಾಗಿ ಬರೆದಿರುತ್ತಾರೆ. ಸರಿಯಾದ ಕ್ರಮವೆಂದರೆ, ಬೇಕೆಂದಾಗ ಕರಗಿಸಿ ತೆಗೆಯಬಹುದಾದ ಪಾರದರ್ಶಕ ಅಂಟಿನ ತೆಳುವಾದ ಲೇಪ ಹಚ್ಚಿ, ಅದು ಒಣಗಿದ ಮೇಲೆ ಸಂಖ್ಯೆ ಬರೆದು, ಅದರ ಮೇಲೆ ಮತ್ತೊಂದು ಲೇಪ ಕೊಡುವುದು. ನೇರವಾಗಿ ವಸ್ತುವಿನ ಮೇಲೆ ಬಣ್ಣದಲ್ಲಿ ಬರೆದರೆ ಅದು ಶಾಶ್ವತ ಕಲೆಯಾಗುತ್ತದೆ. ಅದೇ ಸಂಖ್ಯೆ ದಾಖಲೆ ಪುಸ್ತಕದಲ್ಲಿಯೂ ಇರುತ್ತದೆ: ವಸ್ತು ಯಾವುದು, ಯಾವುದರಿಂದ ಮಾಡಿದ್ದು, ಅಳತೆ, ತೂಕ, ಸ್ಥಿತಿ, ಯಾವಾಗ ಬಂತು, ಯಾರು ಕೊಟ್ಟರು, ಎಲ್ಲಿ ದೊರೆಯಿತು.

ಇವುಗಳಲ್ಲಿ ಕೊನೆಯದೇ ಮುಖ್ಯ. ಗದ್ದೆಯಲ್ಲಿ ಸಿಕ್ಕ ಒಂದು ಕಲ್ಲಿನ ಕೊಡಲಿ ಯಾವ ಊರಿನ, ಯಾವ ಸರ್ವೆ ನಂಬರಿನ, ಎಷ್ಟು ಆಳದ ಮಣ್ಣಿನಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ಇತ್ತು ಎಂಬುದು ತಿಳಿದಿದ್ದರೆ ಅದು ಇತಿಹಾಸದ ಸಾಕ್ಷಿ. ತಿಳಿಯದಿದ್ದರೆ ಅದು ಚೆನ್ನಾಗಿ ನಯಗೊಳಿಸಿದ ಒಂದು ಕಲ್ಲು ಮಾತ್ರ. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಅಡಿಪಾಯ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ಅವರು 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿದರು. ಬಳ್ಳಾರಿ ಕಡೆಯ ನವಶಿಲಾಯುಗದ ನೆಲೆಗಳನ್ನೂ ಅವರು ಪರಿಶೋಧಿಸಿದ್ದರು. ಅವರ ಸಂಗ್ರಹ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಅದರ ವಿವರಪಟ್ಟಿ 1914ರಲ್ಲಿಯೂ ಟಿಪ್ಪಣಿಗಳ ಸಂಪುಟ 1916ರಲ್ಲಿಯೂ ಅಚ್ಚಾದವು. ಇಂದಿಗೂ ಆ ಪಟ್ಟಿಯನ್ನು ಹಿಡಿದು ಸಂಶೋಧಕರು ಕೆಲಸ ಮಾಡುವುದು, ವಸ್ತುಗಳನ್ನು ಅವು ದೊರೆತ ಊರಿನ ಹೆಸರಿನೊಂದಿಗೇ ಅವರು ದಾಖಲಿಸಿದ್ದರಿಂದ.

ನಮ್ಮ ಕರಾವಳಿಯ ಹಳೆಯ ಚೀಟಿಗಳನ್ನು ಓದುವಾಗ ಆಡಳಿತದ ಚರಿತ್ರೆಯೂ ಗೊತ್ತಿರಬೇಕು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿತ್ತು, ಕಾಸರಗೋಡು ಆಗ ಇದೇ ಜಿಲ್ಲೆಯ ತಾಲ್ಲೂಕು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದುದರಿಂದ ಹಳೆಯ ಚೀಟಿಯಲ್ಲಿ ‘ಸೌತ್ ಕೆನರಾ’ ಎಂದಷ್ಟೇ ಇದ್ದರೆ ಅದು ಬೈಂದೂರಿನ ವಸ್ತುವೂ ಇರಬಹುದು, ಕಾಸರಗೋಡಿನದೂ ಇರಬಹುದು. ಇಲ್ಲಿನ ಶಾಸನಗಳ ಹಳೆಯ ಪಾಠಗಳನ್ನು ಹುಡುಕುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸಂಬಂಧಿಸಿದವು. ಬಾರಕೂರು ಮೊದಲಾದ ನಮ್ಮ ಊರುಗಳ ಎಷ್ಟೋ ಶಾಸನಗಳು ಸಿಗುವುದು ಮದ್ರಾಸಿನಿಂದ ಅಚ್ಚಾದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 7ನೆಯ ಸಂಪುಟದಲ್ಲಿ.

ಮಡಕೆ ಚೂರುಗಳು

ಸಂಗ್ರಹದಲ್ಲಿ ಅತಿ ಹೆಚ್ಚು ಇರುವುದೂ ಅತಿ ಕಡಿಮೆ ಜನ ನೋಡುವುದೂ ಇವನ್ನೇ. ಮಡಕೆ ಸುಲಭವಾಗಿ ಒಡೆಯುತ್ತದೆ, ಒಡೆದ ಮೇಲೆ ಕೊಳೆಯುವುದಿಲ್ಲ, ಯಾರೂ ಅದನ್ನು ಕದಿಯುವುದಿಲ್ಲ. ಹೀಗಾಗಿ ಬಿದ್ದ ಜಾಗದಲ್ಲೇ ಉಳಿಯುತ್ತದೆ. ಕರಾವಳಿಯಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ನಮ್ಮ ಮುರಕಲ್ಲಿನ ಮಣ್ಣು ಆಮ್ಲೀಯ, ಮಳೆ ವಿಪರೀತ. ಮೂಳೆ ಕರಗಿಹೋಗುತ್ತದೆ, ಕಬ್ಬಿಣ ತುಕ್ಕಾಗಿ ಪುಡಿಯಾಗುತ್ತದೆ. ತಿರುಮಕೂಡಲು ನರಸೀಪುರದ ಉತ್ಖನನದಲ್ಲಿ ನವಶಿಲಾಯುಗದ ಮನುಷ್ಯರ ಅಸ್ಥಿಪಂಜರಗಳು ದೊರೆತಂತೆ ಇಲ್ಲಿ ದೊರೆಯುವುದನ್ನು ನಿರೀಕ್ಷಿಸಲಾಗದು. ಆದುದರಿಂದ ಇಲ್ಲಿನ ಹಳೆಯ ಜನರ ಬದುಕನ್ನು ತಿಳಿಯಲು ಮಡಕೆ ಚೂರುಗಳನ್ನೇ ಬಹುಮಟ್ಟಿಗೆ ಅವಲಂಬಿಸಬೇಕಾಗುತ್ತದೆ.

ಒಂದು ಚೂರನ್ನು ಕೈಗೆ ತೆಗೆದುಕೊಳ್ಳುವಾಗ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿರಲಿ, ವಸ್ತು ಮೇಜಿನಿಂದ ಹೆಚ್ಚು ಮೇಲಕ್ಕೆ ಏಳದಿರಲಿ. ಮೊದಲು ಅದು ಪಾತ್ರೆಯ ಯಾವ ಭಾಗ ಎಂದು ಗುರುತಿಸಿ: ಬಾಯಿಯಂಚೋ, ಕತ್ತೋ, ಹೊಟ್ಟೆಯೋ, ತಳವೋ. ಬಾಯಿಯಂಚಿನ ಚೂರು ದೊರೆತರೆ ಅದೃಷ್ಟ; ಅದರ ಬಾಗನ್ನು ಒಂದರೊಳಗೊಂದು ವೃತ್ತಗಳನ್ನು ಬರೆದ ಹಾಳೆಯ ಮೇಲಿಟ್ಟು ಹೊಂದಿಸಿದರೆ ಇಡೀ ಪಾತ್ರೆಯ ಬಾಯಿ ಎಷ್ಟು ಅಗಲವಿತ್ತು ಎಂಬುದು ತಿಳಿಯುತ್ತದೆ. ಅನಂತರ ಒಳಮೈಯನ್ನು ನೋಡಿ. ಸಮನಾದ, ಒಂದೇ ದಿಕ್ಕಿನ ಸಣ್ಣ ಗೀರುಗಳು ಸಾಲಾಗಿ ಕಂಡರೆ ತಿಗರಿಯ ಮೇಲೆ ಮಾಡಿದ್ದು. ಏರುತಗ್ಗಾಗಿ ಬೆರಳೊತ್ತಿದ ಗುರುತುಗಳಿದ್ದರೆ ಕೈಯಲ್ಲಿ ತಟ್ಟಿ ಮಾಡಿದ್ದು. ಒಡೆದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಮಣ್ಣಿಗೆ ಮರಳು ಬೆರೆಸಿದ್ದರೇ ಹೊಟ್ಟು ಬೆರೆಸಿದ್ದರೇ ಎಂಬುದು ಕಾಣುತ್ತದೆ, ನಡುವೆ ಕಪ್ಪು ಪಟ್ಟೆ ಉಳಿದಿದ್ದರೆ ಬೆಂಕಿ ಸಾಲದೆ ಒಳಗಿನವರೆಗೆ ಸುಟ್ಟಿಲ್ಲ ಎಂದು ಅರ್ಥ. ಹೊರಮೈಗೆ ಹತ್ತಿದ ಮಸಿ ಅಡುಗೆಯ ಪಾತ್ರೆಯ ಗುರುತು. ಅದನ್ನು ಕೊಳೆ ಎಂದು ತೊಳೆಯಬಾರದು.

ದೊಡ್ಡ ಕಲ್ಲುಗಳನ್ನು ಬಳಸಿ ಸಮಾಧಿ ಮಾಡುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳಲ್ಲಿ ದೊರೆಯುವ ಕಪ್ಪು-ಕೆಂಪು ಮಡಕೆಯ ಚೂರೊಂದನ್ನು ವಿಶೇಷವಾಗಿ ಕೇಳಿ ನೋಡಿ. ಒಳಮೈಯೂ ಬಾಯಿಯ ಸುತ್ತಣ ಭಾಗವೂ ಕಪ್ಪು, ಕೆಳಗಿನ ಹೊರಮೈ ಕೆಂಪು. ಎರಡು ಬಣ್ಣ ಬಳಿದದ್ದಲ್ಲ ಇದು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಒಳಭಾಗ ಮತ್ತು ಬೂದಿಯಲ್ಲಿ ಹೂತ ಅಂಚು ಕಪ್ಪಾಗಿ, ಗಾಳಿಗೆ ತೆರೆದ ಹೊರಭಾಗ ಕೆಂಪಾಗುತ್ತದೆ ಎಂಬುದು ವಿದ್ವಾಂಸರು ಹೆಚ್ಚಾಗಿ ಒಪ್ಪುವ ವಿವರಣೆ. ಕಪ್ಪಿನಿಂದ ಕೆಂಪಿಗೆ ತಿರುಗುವ ಗೆರೆಯ ಮೇಲೆ ಬೆರಳಾಡಿಸಿದರೆ ಎಲ್ಲಿಯೂ ಏರುಪೇರು ತಗಲುವುದಿಲ್ಲ. ಬಣ್ಣ ಬದಲಾದದ್ದು ಬೆಂಕಿಯಿಂದ ಎಂಬುದಕ್ಕೆ ಅದೇ ಸಾಕ್ಷಿ. ಕೇರಳದ ಉತ್ತರ ಭಾಗದಲ್ಲಿರುವಂತೆ ನಮ್ಮ ಎರಡು ಜಿಲ್ಲೆಗಳಲ್ಲಿಯೂ ಮುರಕಲ್ಲನ್ನು ಕೊರೆದು ಮಾಡಿದ ಸಮಾಧಿ ಗುಹೆಗಳು ಕಂಡುಬಂದಿವೆ. ಮೂಡಬಿದಿರೆಯ ಬಳಿಯ ಮೂಡು ಕೊಣಾಜೆಯ ಕಲ್ಮನೆಗಳ (ಕಲ್ಲುಚಪ್ಪಡಿಗಳಿಂದ ಕಟ್ಟಿದ ಹಳೆಯ ಸಮಾಧಿಗಳ) ಪರಿಸರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಟ್ಟ ಮಣ್ಣಿನ ಬೊಂಬೆಗಳು ಬೆಳಕಿಗೆ ಬಂದಿವೆ. ಹಳ್ಳಿಗಳಲ್ಲಿ ಇಂಥ ಜಾಗಗಳಿಗೆ ಪಾಂಡವರ ಹೆಸರು ಅಂಟಿಕೊಂಡಿರುವುದು ಸಾಮಾನ್ಯ, ಆ ಹೆಸರು ಕಿವಿಗೆ ಬಿದ್ದಲ್ಲೆಲ್ಲ ಒಮ್ಮೆ ಹೋಗಿ ನೋಡುವುದು ಒಳ್ಳೆಯದು.

ಕರಾವಳಿಯಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಒಂದು ಎಚ್ಚರಿಕೆ. ನೆಲದ ಮೇಲೆ ಬಿದ್ದ ಕೆಂಪು ಚೂರುಗಳಲ್ಲಿ ಬಹುಪಾಲು ಮಂಗಳೂರು ಹಂಚಿನವು. ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಮುಂದೆ ಈ ಕರಾವಳಿಯ ಮಾಡುಗಳೆಲ್ಲ ಹಂಚಿನವಾದವು. ಹಂಚಿನ ಚೂರು ದಪ್ಪ, ಚಪ್ಪಟೆ, ಅಚ್ಚಿನಲ್ಲಿ ಒತ್ತಿದ ಏಣುಗಳುಳ್ಳದ್ದು. ಆದರೆ ಹಂಚು ಎಂದು ಗೊತ್ತಾದೊಡನೆ ಎಸೆಯಬೇಡಿ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಇಸವಿಯೂ ಒತ್ತಿರುತ್ತದೆ. ನಮ್ಮ ಕೈಗಾರಿಕೆಯ ಈ ಚರಿತ್ರೆಯನ್ನು ವಿಶ್ವವಿದ್ಯಾಲಯದ ಸಂಗ್ರಹಾಲಯ ಕೂಡಿಡದೆ ಹೋದರೆ ಹಳೆಯ ಮನೆಗಳು ಬೀಳುತ್ತಿರುವ ಈ ದಿನಗಳಲ್ಲಿ ಅದು ಕೈತಪ್ಪಿಹೋಗುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಬಾರಕೂರು, ಬಸರೂರಿನಂಥ ಹಳೆಯ ವ್ಯಾಪಾರದ ಊರುಗಳಲ್ಲಿ ನೀಲಿ ಚಿತ್ತಾರದ ಬಿಳಿ ಪಿಂಗಾಣಿ ಅಥವಾ ತಿಳಿಹಸಿರು ಹೊಳಪಿನ ಚೂರು ಕಂಡರೆ ಅದನ್ನು ಬೇರೆಯಾಗಿ ಗುರುತುಮಾಡಿ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಹೆಸರಿಸಿದ ಬಂದರುಗಳಲ್ಲಿ ಮಂಗಳೂರು ಮತ್ತು ಬಾರಕೂರು ಎರಡೂ ಇವೆ; ಅಂಥ ಚೂರು ಕಡಲಾಚೆಯಿಂದ ಬಂದದ್ದಿರಬಹುದು.

ನಾಣ್ಯ ಮತ್ತು ಲೋಹ

ಈ ಕರಾವಳಿಯನ್ನು ಬಹುಕಾಲ ಆಳಿದ ಆಳುಪರ ನಾಣ್ಯವೊಂದು ಸಂಗ್ರಹದಲ್ಲಿದ್ದರೆ ಅದನ್ನು ನೋಡದೆ ಬರಬೇಡಿ. ಒಂದು ಬದಿಯಲ್ಲಿ ಜೋಡಿ ಮೀನು, ಇನ್ನೊಂದು ಬದಿಯಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹ. ಕೆಲವು ನಾಣ್ಯಗಳಲ್ಲಿ ಅದು ನಾಗರಿಯಲ್ಲಿದೆ, ಕೆಲವುಗಳಲ್ಲಿ ಕನ್ನಡದಲ್ಲಿದೆ. ಮೀನು ಪಾಂಡ್ಯರ ಲಾಂಛನವೂ ಆಗಿರುವುದರಿಂದ, ದೊರೆತ ಸ್ಥಳದ ದಾಖಲೆಯಿಲ್ಲದ ನಾಣ್ಯವನ್ನು ಕಂಡಾಗ ಬರಹವನ್ನು ಓದದೆ ನಿರ್ಣಯಕ್ಕೆ ಬರಬಾರದು. ವಿಜಯನಗರ ಕಾಲದ ಶಾಸನಗಳಲ್ಲಿ ‘ಬಾರಕೂರು ಗದ್ಯಾಣ’, ‘ಮಂಗಳೂರು ಗದ್ಯಾಣ’ ಎಂಬ ಮಾತುಗಳು ಬರುತ್ತವೆ; ಗದ್ಯಾಣವೆಂದರೆ ಚಿನ್ನದ ನಾಣ್ಯ. ದತ್ತಿಯ ಲೆಕ್ಕದಲ್ಲಿ ಬರುವ ಹಣ ಮತ್ತು ಖಾನೆಯಲ್ಲಿರುವ ನಾಣ್ಯ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಲು ಸಾಧ್ಯವಾಗುವುದು ಇಂಥ ಸಂಗ್ರಹದಲ್ಲಿಯೇ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ಮೈಯನ್ನು ಮುಟ್ಟಬಾರದು. ತೂಕವನ್ನು ಗ್ರಾಮಿನ ನೂರನೆಯ ಭಾಗದವರೆಗೆ ಬರೆದುಕೊಳ್ಳಬೇಕು, ಏಕೆಂದರೆ ಹತ್ತು ಹಣಕ್ಕೆ ಒಂದು ವರಹ ಎಂಬ ಲೆಕ್ಕದಲ್ಲಿ ಒಂದು ಹಣದ ತೂಕ ಗ್ರಾಮಿನ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ.

ಮನೆಗಳಲ್ಲಿ ಹಿತ್ತಾಳೆಯ ದೀಪವನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವ ಅಭ್ಯಾಸ ನಮಗೆಲ್ಲ ಇದೆ. ಹಳೆಯ ನಾಣ್ಯ, ಹಳೆಯ ಕಂಚು, ತಾಮ್ರಪಟಗಳಿಗೆ ಇದನ್ನು ಮಾಡಲೇಬಾರದು. ಶತಮಾನಗಳಿಂದ ಮೇಲೆ ಕೂಡಿದ ಗಟ್ಟಿಯಾದ ಹಸಿರು ಪದರವೇ ಒಳಗಿನ ಲೋಹವನ್ನು ಕಾಯುತ್ತಿರುತ್ತದೆ. ಹುಳಿ ಹಚ್ಚಿದರೆ ಅದು ಕರಗಿ, ಅಕ್ಷರದ ಅಂಚುಗಳೂ ಹೋಗುತ್ತವೆ. ಆದರೆ ತಿಳಿಹಸಿರಿನ, ಮುಟ್ಟಿದರೆ ಪುಡಿಯಾಗಿ ಉದುರುವ ಚುಕ್ಕೆಗಳು ಕಂಡರೆ ಅದು ರಕ್ಷಣೆಯ ಪದರವಲ್ಲ, ಉಪ್ಪಿನ ಅಂಶ ಮತ್ತು ತೇವ ಸೇರಿ ಲೋಹವನ್ನು ತಿನ್ನುತ್ತಿರುವ ಲಕ್ಷಣ. ಕಡಲ ಗಾಳಿಯ ನಮ್ಮ ಊರುಗಳಲ್ಲಿ ಇದು ಬೇಗ ಹಬ್ಬುತ್ತದೆ. ಅಂಥ ವಸ್ತುವನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಟ್ಟು, ತಜ್ಞರಿಗೆ ತಿಳಿಸಬೇಕು.

ಲೋಹದ ಹಳೆಯ ವಸ್ತುಗಳು ಏಕೆ ಇಷ್ಟು ಕಡಿಮೆ ಎಂದು ಕೇಳುವವರಿಗೆ ಬೆನ್ ಯಿಜುವಿನ ಕಾರ್ಖಾನೆಯೇ ಉತ್ತರ. ಕರಗಿಸಿ ಮತ್ತೆ ಎರಕ ಹೊಯ್ಯಬಹುದಾದುದನ್ನು ಯಾರೂ ಹಾಗೆಯೇ ಇಟ್ಟುಕೊಳ್ಳಲಿಲ್ಲ. ಉಳಿದದ್ದು ಪೂಜೆಯಲ್ಲಿದ್ದವು. ಕದ್ರಿ ಮಂಜುನಾಥ ದೇವಾಲಯದ ಲೋಕೇಶ್ವರನ ಕಂಚಿನ ವಿಗ್ರಹ ಹಾಗೆ ಉಳಿದುಬಂದದ್ದು. ಮೂರು ಮುಖ, ಆರು ಕೈಗಳ ಈ ವಿಗ್ರಹದ ಪೀಠದ ಶಾಸನ ಕಲಿವರ್ಷ 4068, ಅಂದರೆ ಕ್ರಿ.ಶ. 968ರಲ್ಲಿ, ಆಳುಪ ರಾಜ ಕುಂದವರ್ಮ ಕದರಿಕಾ ವಿಹಾರದಲ್ಲಿ ಅದನ್ನು ಸ್ಥಾಪಿಸಿದ ಸಂಗತಿಯನ್ನು ಹೇಳುತ್ತದೆ. ಅದು ಇರಬೇಕಾದ ಜಾಗ ದೇವಾಲಯವೇ, ಸಂಗ್ರಹಾಲಯದ ಕೆಲಸ ಅದರ ಶಾಸನದ ಅಚ್ಚನ್ನೂ ಛಾಯಾಚಿತ್ರವನ್ನೂ ಅಳತೆಯನ್ನೂ ವಿದ್ಯಾರ್ಥಿಗೆ ಒದಗಿಸುವುದು.

ಕಲ್ಲು, ಶಾಸನ, ಪಡಿಯಚ್ಚು

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹವಿದ್ದರೂ ಇರಬಹುದು. ಸವೆದ ಅಕ್ಷರಗಳನ್ನು ಓದಲು ಸೀಮೆಸುಣ್ಣ ಅಥವಾ ಹಿಟ್ಟು ಉಜ್ಜುವುದನ್ನು ಈಗಲೂ ಕಾಣುತ್ತೇವೆ. ಅದು ಕಲ್ಲಿನ ರಂಧ್ರಗಳಲ್ಲಿ ಸೇರಿ ಉಳಿಯುತ್ತದೆ, ಅಲ್ಲದೆ ಉಜ್ಜಿದವರ ಊಹೆಯೇ ಅಕ್ಷರವಾಗಿಬಿಡುತ್ತದೆ. ಅದರ ಬದಲು ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಪಕ್ಕದಿಂದ ಹಿಡಿದು, ಓರೆ ಬೆಳಕು ಬೀಳುವಂತೆ ನಿಧಾನವಾಗಿ ಸುತ್ತಲೂ ಸರಿಸಿ. ಎಡದಿಂದ ಬೆಳಕು ಬಿದ್ದಾಗ ಕಾಣದ ಗೆರೆ ಮೇಲಿನಿಂದ ಬಿದ್ದಾಗ ಕಾಣುತ್ತದೆ. ಪ್ರತಿ ದಿಕ್ಕಿನಲ್ಲಿಯೂ ಒಂದು ಛಾಯಾಚಿತ್ರ ತೆಗೆದುಕೊಳ್ಳಿ.

ಸಂಗ್ರಹಾಲಯದಲ್ಲಿ ಶಾಸನಗಳ ಕಲ್ಲುಗಳಿಗಿಂತ ಅವುಗಳ ಪಡಿಯಚ್ಚುಗಳು ಹೆಚ್ಚಿರುತ್ತವೆ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಹರಡಿ, ಗಟ್ಟಿ ಕೂದಲಿನ ಕುಂಚದಿಂದ ಸಮನಾಗಿ ಹೊಡೆಯುತ್ತ ಹೋದರೆ ಕಾಗದ ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ಮಸಿಯ ಉಂಡೆಯನ್ನು ಮೇಲೆ ತಟ್ಟಿದಾಗ ಕಲ್ಲಿನ ಮೈ ಕಪ್ಪಾಗಿ, ತಗ್ಗಿನ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಹೆಚ್ಚು ಒದ್ದೆಯಾದರೆ ಕಾಗದ ಹರಿಯುತ್ತದೆ, ಕಡಿಮೆಯಾದರೆ ಅಕ್ಷರ ಮೂಡುವುದಿಲ್ಲ. ಇದು ನುರಿತವರ ಜೊತೆಯಲ್ಲಿ ನಿಂತು ಕಲಿಯಬೇಕಾದ ಕೆಲಸ, ಓದುವ ಅಭ್ಯಾಸಕ್ಕೆ ಹಳೆಯ ಅಚ್ಚುಗಳು ಸಾಕು. ರಸ್ತೆ ಅಗಲ ಮಾಡುವಾಗಲೋ ದೇವಸ್ಥಾನದ ಜೀರ್ಣೋದ್ಧಾರದಲ್ಲಿಯೋ ಕಲ್ಲು ಕಾಣೆಯಾದರೆ ಉಳಿಯುವ ಸಾಕ್ಷಿ ಆ ಕಾಗದ ಮಾತ್ರ. ಅದನ್ನು ಮಡಚದೆ, ಸುರುಳಿ ಸುತ್ತಿ ಇಡಬೇಕು.

ಓಲೆಗರಿ, ಮರ, ದೈವದ ವಸ್ತುಗಳು

ತುಳು ಲಿಪಿಯ ಮತ್ತು ಕನ್ನಡ ಲಿಪಿಯ ಓಲೆಗರಿಗಳನ್ನು ಎರಡೂ ಕೈಯಿಂದ, ಕೆಳಗೆ ಆಧಾರ ಕೊಟ್ಟು, ಒಂದೊಂದೇ ಗರಿಯಾಗಿ ತಿರುಗಿಸಬೇಕು. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬಾರದು. ನಿಂಬೆಹುಲ್ಲಿನ ಎಣ್ಣೆ ಹಚ್ಚುವುದು ಹಳೆಯ ಪದ್ಧತಿಯೇ ಆದರೂ, ಮಸಿ ತುಂಬದ ಗರಿಗೂ ಮಸಿ ತುಂಬಿದ ಗರಿಗೂ ಕ್ರಮ ಬೇರೆಯಾದುದರಿಂದ ಅದನ್ನು ತಿಳಿದವರಿಗೆ ಬಿಡಿ.

ಭೂತದ ಮೊಗ, ಕಡ್ತಲೆ, ಮರದ ಉರುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ನೇಮ ನಡೆಯುತ್ತಿರುವ ದೈವಸ್ಥಾನದ ವಸ್ತುವನ್ನು ಸಂಗ್ರಹಾಲಯ ಕೇಳಬಾರದು. ಗುತ್ತಿನ ಮನೆಯವರೂ ಊರಿನವರೂ ತಾವಾಗಿ ಕೊಟ್ಟದ್ದನ್ನು ಮಾತ್ರ, ಅವರು ಹೇಳಿದ ನಿಯಮಗಳನ್ನು ಬರೆದಿಟ್ಟುಕೊಂಡು, ಸ್ವೀಕರಿಸಬೇಕು. ನೋಡಲು ಹೋದ ವಿದ್ಯಾರ್ಥಿಯೂ ಅಂಥ ವಸ್ತುಗಳ ಛಾಯಾಚಿತ್ರ ತೆಗೆಯುವ ಮೊದಲು ಕೇಳಬೇಕು.

ನಿಮ್ಮ ಜಾಗದಲ್ಲಿ ಏನಾದರೂ ಸಿಕ್ಕರೆ

ಬಾವಿ ತೋಡುವಾಗ, ಅಡಿಕೆ ತೋಟಕ್ಕೆ ಗುಂಡಿ ತೆಗೆಯುವಾಗ, ಮನೆಗೆ ಪಂಚಾಂಗ ಹಾಕುವಾಗ ಹಳೆಯ ವಸ್ತು ಸಿಗುವುದು ನಮ್ಮಲ್ಲಿ ಅಪರೂಪವಲ್ಲ. ಕೆಲಸ ನಿಲ್ಲಿಸಿ. ಎತ್ತುವ ಮೊದಲು, ಇದ್ದಲ್ಲಿಯೇ, ಪಕ್ಕದಲ್ಲಿ ಅಳತೆಪಟ್ಟಿಯೋ ಪೆನ್ನೋ ಇಟ್ಟು ಹತ್ತಿರದಿಂದ ಒಂದು, ಸುತ್ತಲಿನ ಮರ, ಗೋಡೆ ಕಾಣುವಂತೆ ದೂರದಿಂದ ಒಂದು ಛಾಯಾಚಿತ್ರ ತೆಗೆಯಿರಿ. ಮೊಬೈಲಿನ ನಕ್ಷೆಯಲ್ಲಿ ಆ ಬಿಂದುವನ್ನು ಉಳಿಸಿಕೊಳ್ಳಿ, ನೆಲದಿಂದ ಎಷ್ಟು ಆಳ ಎಂದು ಅಳೆದು ಬರೆಯಿರಿ. ಇದ್ದಿಲು ಕಂಡರೆ ಬರಿಗೈಯಿಂದ ಮುಟ್ಟದೆ, ತೊಳೆಯದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಿ. ಕಾಗದ, ಹತ್ತಿಯಲ್ಲಿ ಸುತ್ತಿದರೆ ಅವುಗಳ ಇಂಗಾಲ ಬೆರೆತು ಕಾಲ ನಿರ್ಣಯದ ಲೆಕ್ಕ ತಪ್ಪುತ್ತದೆ.

ಚಿನ್ನ, ಬೆಳ್ಳಿ, ನಾಣ್ಯದ ಗಡಿಗೆ, ವಿಗ್ರಹಗಳಿಗೆ ಕಾನೂನೂ ಇದೆ. ಭೂಮಿಯಲ್ಲಿ ದೊರೆತ ನಿಧಿಯನ್ನು 1962ರ ಕರ್ನಾಟಕ ನಿಧಿ ಕಾಯಿದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ತಹಶೀಲ್ದಾರರ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯುವುದು ಸರಳ ದಾರಿ. 1972ರ ಕೇಂದ್ರ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಶಿಲ್ಪ, ನಾಣ್ಯ ಮುಂತಾದವೂ ಎಪ್ಪತ್ತೈದು ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ ಪುರಾವಸ್ತುಗಳು. ಅವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹೆಚ್ಚು ಸಿಗಬಹುದೆಂದು ತಾವೇ ಅಗೆಯಹೊರಡುವುದು ಸಲ್ಲದು, ಉತ್ಖನನಕ್ಕೆ ಅನುಮತಿ ಬೇಕು. ವಿಶ್ವವಿದ್ಯಾಲಯದ ವಿಭಾಗಕ್ಕೂ ಜೊತೆಯಲ್ಲಿಯೇ ತಿಳಿಸಿದರೆ ಅಧ್ಯಾಪಕರು ಬಂದು ಜಾಗವನ್ನು ನೋಡುವ ಸಾಧ್ಯತೆ ಇರುತ್ತದೆ.

ಅಜ್ಜನ ಕಾಲದಿಂದ ಮನೆಯಲ್ಲಿರುವ ಓಲೆಗರಿ, ತಾಮ್ರಪಟಗಳನ್ನು ಕೊಡಲೇಬೇಕೆಂದಿಲ್ಲ. ಪ್ರತಿ ಗರಿಯ ಎರಡೂ ಬದಿಯ ಸ್ಪಷ್ಟ ಛಾಯಾಚಿತ್ರಗಳನ್ನು ತೆಗೆಯಲು ಅವಕಾಶ ಮಾಡಿಕೊಟ್ಟರೆ ಸಂಶೋಧನೆಗೆ ಅಷ್ಟೇ ಸಾಕಾಗುತ್ತದೆ. ಕಾರ್ಕಳ ತಾಲ್ಲೂಕಿನ ಬೆಳ್ಮಣ್ಣಿನ ತಾಮ್ರಪಟವನ್ನು ವಿದ್ವಾಂಸರು ಎಂಟನೆಯ ಶತಮಾನಕ್ಕೆ ಸೇರಿಸಿ, ಕನ್ನಡ ಭಾಷೆಯ ಅತಿ ಹಳೆಯ ತಾಮ್ರಪಟಗಳಲ್ಲಿ ಎಣಿಸುತ್ತಾರೆ. ಅಂಥದ್ದು ಇನ್ನೊಂದು ಯಾವುದೋ ಮನೆಯ ಪೆಟ್ಟಿಗೆಯಲ್ಲಿ ಇಲ್ಲವೆಂದು ಹೇಳಲಾಗದು. ಕೊಡಲು ಮನಸ್ಸು ಮಾಡಿದರೆ, ವಸ್ತುವಿನ ಜೊತೆಗೆ ಒಂದು ಹಾಳೆಯನ್ನೂ ಬರೆದುಕೊಡಿ: ಅದು ಮನೆಗೆ ಹೇಗೆ ಬಂತು, ಯಾವ ಊರಿನದು, ಅದರ ಬಗ್ಗೆ ಹಿರಿಯರು ಏನು ಹೇಳುತ್ತಿದ್ದರು, ಹಿಂದೆ ಯಾರಾದರೂ ಅದನ್ನು ಓದಿದ್ದರೇ. ಸಂಗ್ರಹಾಲಯ ಕೊಡುವ ರಶೀದಿಯಲ್ಲಿ ದಾಖಲೆ ಸಂಖ್ಯೆ ಇರುವಂತೆ ನೋಡಿಕೊಂಡು, ನಿಮ್ಮ ಹಾಳೆಯ ಒಂದು ಪ್ರತಿಗೆ ಅದೇ ಸಂಖ್ಯೆಯನ್ನು ಬರೆದು ಮನೆಯಲ್ಲಿ ಇಟ್ಟುಕೊಳ್ಳಿ.